ಕೆಂಪು ಗುರುತು ನಮ್ಮ ಕಡೆಗೆ

ಜನವರಿ 6

"ಮೊದಲು ಎದ್ದವರು ಯಾರೆಂದು ಮಲಗಿದ್ದವರು ಹೇಗೆ ಹೇಳಬಲ್ಲರು." ಬೆಳಿಗ್ಗೆಯಿಂದ ಈ ಸಾಲು ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ ನೆನಪಿಲ್ಲ. ಸಾಲು ಹೀಗೆಯೇ ಇತ್ತೆ ಎಂಬುದೂ ಅನುಮಾನ. "ಹೇಗೆ ಹೇಳಬಲ್ಲರು" ಎಂದಿತ್ತೋ, "ಏಕೆ ಹೇಳಬೇಕು" ಎಂದಿತ್ತೋ? ಎರಡಕ್ಕೂ ಅಜಗಜಾಂತರ. ಒಂದರಲ್ಲಿ ಮಲಗಿದ್ದವರು ಪಾಪದವರು, ಇನ್ನೊಂದರಲ್ಲಿ ಕಳ್ಳರು. ಅಕ್ಕನನ್ನು ಕೇಳೋಣ ಎಂದುಕೊಂಡು ಫೋನು ಕೈಗೆತ್ತಿಕೊಂಡ ಮೇಲೆ ನೆನಪಾಯಿತು, ಅಕ್ಕ ಹೋಗಿ ಐದು ತಿಂಗಳಾಯಿತು.

ಹೊಸ ನೋಟ್‌ಬುಕ್ಕು. ಹೊಸದರಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯುವುದು ನನ್ನ ಹಳೆಯ ಚಟ. ಅಕ್ಕ ಒಡಹುಟ್ಟಿದವಳಲ್ಲ. ಅವಳು ವಿಜ್ಞಾನಿ, ನಾನು ಹದಿನೆಂಟು ವರ್ಷದಿಂದ ಅವಳ ಲ್ಯಾಬಿನ ಕ್ಯಾಮೆರಾಗಳನ್ನು ನೋಡಿಕೊಳ್ಳುವವಳು. ನನಗಿಂತ ಆರು ವರ್ಷ ದೊಡ್ಡವಳಾದ್ದರಿಂದ ಅಕ್ಕ. ಅವಳ ಕೊನೆಯ ವಿದ್ಯಾರ್ಥಿನಿ ಗುಬ್ಬಿ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು, ನನ್ನನ್ನು ಚಿಕ್ಕಮ್ಮ. ಗುಬ್ಬಿ ಎಂಬ ಹೆಸರು ನಾವಿಟ್ಟದ್ದು. ಒಂದು ಕಡೆ ಕೂರಲಾರಳು, ಬಾಯಿ ಮುಚ್ಚಲಾರಳು.

ಅಕ್ಕನ ಹೆಸರು ನಿಂತಿರುವುದು ಅವಳ ಅಲೆಯ ಮೇಲೆ. ಗಾಜಿನ ತಟ್ಟೆಯಲ್ಲಿ ಹೃದಯದ ಜೀವಕೋಶಗಳ ಒಂದು ತೆಳು ಹಾಳೆ. ಮಿಡಿದಾಗ ಹೊಳೆಯುವಂತೆ ಬಣ್ಣ ಕುಡಿಸಿರುತ್ತೇವೆ. ಇಡೀ ಹಾಳೆಗೆ ಒಂದೇ ಸಲಕ್ಕೆ ಸಣ್ಣ ಕರೆಂಟಿನ ಏಟು ಕೊಟ್ಟರೂ ಅದು ಒಂದೇ ಸಲಕ್ಕೆ ಹೊಳೆಯುವುದಿಲ್ಲ. ಒಂದು ಅಂಚು ಮೊದಲು ಎದ್ದು ಉಳಿದವನ್ನು ಎಬ್ಬಿಸುತ್ತ ಹೋಗುತ್ತದೆ. ಆ ಅಂಚಿನ ಕೋಶಗಳನ್ನು ಎರಡು ದಿನ ಮೊದಲೇ ಬಿತ್ತಿರುತ್ತೇವೆ, ಅಲ್ಲೊಂದು ಕೆಂಪು ಗುರುತು ಹಾಕಿರುತ್ತೇವೆ. "ಹಿರಿಯರು ಮೊದಲು ಏಳ್ತಾರೆ, ಕಿರಿಯರನ್ನ ಎಬ್ಬಿಸ್ತಾರೆ. ಮನೆಯಲ್ಲೂ ಅಷ್ಟೆ, ತಟ್ಟೆಯಲ್ಲೂ ಅಷ್ಟೆ" ಎನ್ನುತ್ತಿದ್ದಳು ಅಕ್ಕ. ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಗೂ ನಾನು ಕಲಿಸುವ ಮೊದಲ ಪಾಠ: ತಟ್ಟೆ ಇಡುವಾಗ ಕೆಂಪು ಗುರುತು ನಮ್ಮ ಕಡೆಗೆ. ಯಾರೂ ತಪ್ಪಬಾರದೆಂದು ವರ್ಕ್‌ಶಾಪಿನ ಮೇಸ್ತ್ರಿ ತಟ್ಟೆಯ ಚೌಕಟ್ಟಿಗೆ ಒಂದು ಕಚ್ಚು ಕೊರೆದುಕೊಟ್ಟಿದ್ದಾನೆ. ಬೇರೆ ಕಡೆಗೆ ಇಡಲು ಹೋದರೂ ಕೂರುವುದಿಲ್ಲ.

ಗುಬ್ಬಿಯ ಪಿಎಚ್‌ಡಿ ಪ್ರಬಂಧ ಪೂರ್ತಿ ಆ ಅಲೆಯ ಮೇಲೆಯೇ. ಫೆಬ್ರವರಿ ಹತ್ತಕ್ಕೆ ಸಲ್ಲಿಸಬೇಕು. ಇವತ್ತು ಬಂದು ಬಾಗಿಲಿಗೆ ಒರಗಿ ನಿಂತಳು.

"ಚಿಕ್ಕಮ್ಮ, ದೊಡ್ಡಮ್ಮ ಅಲೆಯದು ತೆಗೆದ ಮೊದಲನೇ ಸಿನಿಮಾ ಇದೆಯಲ್ಲ, ಅದನ್ನ ಕ್ಯಾಮೆರಾದ ಯಾವ ಮೋಡ್‌ನಲ್ಲಿ ತೆಗೆದಿದ್ದು? ಪರೀಕ್ಷಕರು ಕೇಳಿದ್ದಾರೆ."

"ಅಕ್ಕನ ಪೇಪರಲ್ಲೇ ಅಚ್ಚಾಗಿದೆಯಲ್ಲೇ. ಗ್ಲೋಬಲ್."

"ಲಾಗ್ ಪುಸ್ತಕದಲ್ಲಿ ಒಂದ್ಸಲ ನೋಡಿ ಹೇಳ್ತೀರಾ?"

ನೋಡುತ್ತೇನೆ ಎಂದೆ. ನೋಡಲಿಲ್ಲ.

ಜನವರಿ 8

ಇವತ್ತು ಬೆಳಿಗ್ಗೆ ಎಂಟೂವರೆಗೆ ಹೋಗಿ ಡಾರ್ಕ್ ಫ್ರೇಮ್ ತೆಗೆದೆ. ತಿಂಗಳಿಗೊಮ್ಮೆಯ ಕೆಲಸ. ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿ, ಕೋಣೆಯ ದೀಪ ಆರಿಸಿ, ಏನೂ ಇಲ್ಲದ್ದರ ಚಿತ್ರ ತೆಗೆಯುವುದು. ಏನೂ ಇಲ್ಲದಾಗ ಕ್ಯಾಮೆರಾ ತನ್ನಷ್ಟಕ್ಕೆ ಏನು ಕಾಣುತ್ತದೆಂದು ತಿಳಿದರೆ, ಏನಾದರೂ ಇದ್ದಾಗ ಅದನ್ನು ಕಳೆಯಬಹುದು.

ಮೊದಲನೆಯ ಚಿತ್ರದಲ್ಲಿ ಒಂದು ಮಸುಕು ವೃತ್ತವಿತ್ತು. ತಟ್ಟೆಯ ಆಕಾರ.

ಎಕ್ಸ್‌ಪೋಶರ್ ಎಂದರೆ ಕಾಯುವುದು, ಬೆಳಕು ತುಂಬಲಿ ಎಂದು ಪ್ರತಿ ಪಿಕ್ಸೆಲ್ ಬಾಯಿ ತೆರೆದುಕೊಂಡು ಕಾಯುವುದು. ರೀಡ್‌ಔಟ್ ಎಂದರೆ ತುಂಬಿದ್ದನ್ನು ಅಳೆದು ಚೆಲ್ಲುವುದು. ಅಳೆದ ಮೇಲೆ ಏನೂ ಉಳಿಯುವುದಿಲ್ಲ ಎಂದು ಕೈಪಿಡಿ ಹೇಳುತ್ತದೆ. ನಮ್ಮ ಈ ಹಳೆಯ ಕ್ಯಾಮೆರಾದಲ್ಲಿ ಸ್ವಲ್ಪ ಉಳಿಯುತ್ತದೆ. ಜೋರು ಬೆಳಕು ಕಂಡಿದ್ದರೆ ಮುಂದಿನ ಕೆಲವು ನಿಮಿಷ, ಮುಚ್ಚಳ ಹಾಕಿದ್ದರೂ, ಕಂಡದ್ದರ ನೆರಳು ಕಾಣಿಸುತ್ತಲೇ ಇರುತ್ತದೆ. ಆದರೆ ಇವತ್ತು ನನಗಿಂತ ಮೊದಲು ಯಾರೂ ಬಂದಿರಲಿಲ್ಲ. ಲಾಗ್‌ನಲ್ಲಿ ಯಾರ ಹೆಸರೂ ಇಲ್ಲ.

ಎರಡನೆಯದರಲ್ಲಿ ವೃತ್ತ ಇನ್ನೂ ಮಸುಕಾಯಿತು. ಐದನೆಯದರ ಹೊತ್ತಿಗೆ ಹೋಯಿತು. ನಾನು ಕತ್ತಲಲ್ಲಿ ನಿಂತುಕೊಂಡೇ ಇದ್ದೆ. ಅಕ್ಕನ ಬೂದು ಸ್ವೆಟರ್ ಇನ್ನೂ ಮೊಳೆಗೆ ನೇತುಬಿದ್ದಿದೆ, ಯಾರೂ ತೆಗೆದಿಲ್ಲ. ಅವಳ ಸ್ಟೂಲು ಅದರ ಕೆಳಗೆ. ಅದರ ಮೇಲೆ ನಾವ್ಯಾರೂ ಕೂರುವುದಿಲ್ಲ. ಅದು ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಟಕ್. ಅಕ್ಕ ಕೂತು ಹಿಂದೆ ಮುಂದೆ ತೂಗುವಾಗ ಬರುತ್ತಿದ್ದ ಸದ್ದು ಅದು.

ದೀಪ ಹಾಕಿ ಹೊರಗೆ ಬಂದೆ.

ಜನವರಿ 9

ಲಾಗ್ ಪುಸ್ತಕ ತೆಗೆದು ನೋಡಿದೆ. ಆರು ವರ್ಷದ ಹಿಂದಿನ ಪುಟ, ಆ ಮೊದಲ ಸಿನಿಮಾ ತೆಗೆದ ದಿನದ್ದು. ಯಾರೋ ಕ್ಯಾಮೆರಾದ ಮೋಡ್ ಅನ್ನು ಗ್ಲೋಬಲ್‌ನಿಂದ ರೋಲಿಂಗ್‌ಗೆ ಬದಲಿಸಿದ್ದಾರೆ. ಕೈಬರಹ ನನ್ನದರ ಹಾಗೆಯೇ ಇದೆ.

ಜನವರಿ 12, ಭಾನುವಾರ

ಇವರು ಊಟದ ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದರು. ಗಣಿತದ ಮೇಷ್ಟ್ರಿಗೆ ಭಾನುವಾರವೆಂದರೆ ಕೆಂಪು ಶಾಯಿ.

"ಮೂರು ದಿನದಿಂದ ಉಪ್ಪಿಲ್ಲದ ಊಟ ಮಾಡ್ತಾ ಇದೀನಿ. ಏನಾಯ್ತು ಅಂತ ಹೇಳಿಬಿಟ್ರೆ ಸಪ್ಪೆಯೂ ರುಚಿಸುತ್ತೆ" ಎಂದರು.

"ಏನಿಲ್ಲ ರೀ. ಕ್ಯಾಮೆರಾದ್ದು."

"ಹದಿನೆಂಟು ವರ್ಷದಿಂದ ನಿನ್ನ ಕ್ಯಾಮೆರಾದ ಜೊತೆ ಸಂಸಾರ ಮಾಡಿದೀನಿ. ಹೇಳು, ಅರ್ಥ ಆಗುತ್ತೆ."

ಹೇಳಿದೆ. ಕ್ಯಾಮೆರಾ ಎರಡು ರೀತಿಯಲ್ಲಿ ಓದುತ್ತದೆ. ಗ್ಲೋಬಲ್ ಎಂದರೆ ಎಲ್ಲ ಪಿಕ್ಸೆಲ್‌ಗಳೂ ಒಟ್ಟಿಗೆ ಕಣ್ಣು ತೆರೆದು ಒಟ್ಟಿಗೆ ಮುಚ್ಚುತ್ತವೆ. ಅದರಲ್ಲಿ ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕೆ, ಮಂದ ಬೆಳಕಿದ್ದರೆ ಏನೂ ತಿಳಿಯುವುದಿಲ್ಲ. ರೋಲಿಂಗ್ ಎಂದರೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುವುದು. ಚಿತ್ರ ಸ್ವಚ್ಛ. ಆದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಸೆಕೆಂಡಿನ ನೂರರಲ್ಲಿ ಒಂದು ಪಾಲು ಅಂತರ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಂದ್ರೆ ನಾನು ಹಾಜರಿ ತಗೊಂಡ ಹಾಗೆ. ಮುಂದಿನ ಬೆಂಚಿಂದ ಶುರು ಮಾಡಿ, ಯಾರು ಕೂತಿದ್ದಾರೆ ಯಾರು ನಿಂತಿದ್ದಾರೆ ಅಂತ ಬರ್ಕೊಂಡು ಹೋಗ್ತೀನಿ ಅನ್ಕೋ. ಅರ್ಧಕ್ಕೆ ಬಂದಾಗ ಹೆಡ್‌ಮಾಸ್ಟರ್ ಒಳಗೆ ಬರ್ತಾರೆ. ಇಡೀ ಕ್ಲಾಸು ಧಡ್ ಅಂತ ಏಳುತ್ತೆ. ಆದ್ರೆ ನನ್ನ ಪಟ್ಟಿಯಲ್ಲಿ ಮುಂದಿನ ಬೆಂಚು ಕೂತಿದೆ, ಹಿಂದಿನ ಬೆಂಚು ನಿಂತಿದೆ."

"ಹೌದು."

"ಪಟ್ಟಿ ನೋಡಿದವನು ಏನಂತಾನೆ? ಹಿಂದಿನ ಬೆಂಚಿನವರು ಮೊದಲು ಎದ್ದರು, ಅವರನ್ನ ನೋಡಿ ಮುಂದಿನವರು ಎದ್ದರು ಅಂತಾನೆ. ಜನ್ಮದಲ್ಲಿ ಹಿಂದಿನ ಬೆಂಚಿಗೆ ಅಂಥ ಮರ್ಯಾದೆ ಸಿಕ್ಕಿರಲ್ಲ!" ನಗುತ್ತ ಮತ್ತೆ ಪೆನ್ನು ತೆರೆದರು. "ಅದರ ಮೇಲೊಂದು ಪಿಎಚ್‌ಡಿ ಬೇರೆ ಕೊಟ್ಟುಬಿಡಬಹುದು."

ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವರ ಮುಂದಿಟ್ಟೆ.

ನಮ್ಮ ಚಿತ್ರದಲ್ಲಿ ಕೊನೆಗೆ ಓದಿಸಿಕೊಳ್ಳುವ ಸಾಲು ಕೆಳಗಿನದು. ಕೆಳಗಿನ ಅಂಚು ಎಂದರೆ ನಮ್ಮ ಕಡೆಯ ಅಂಚು. ಕೆಂಪು ಗುರುತಿನ ಅಂಚು.

ಜನವರಿ 13

ಗುಬ್ಬಿ ಮತ್ತೆ ಕೇಳಿದಳು. ಆ ವರ್ಷದ ಲಾಗ್ ಪುಸ್ತಕ ಸಿಗುತ್ತಿಲ್ಲ ಎಂದೆ. "ಹುಡುಕಿ ಚಿಕ್ಕಮ್ಮ" ಎಂದಳು. ನಿಂತು ನನ್ನ ಮುಖ ನೋಡಿದಳು.

ಜನವರಿ 15

ಪರೀಕ್ಷಿಸುವುದು ಕಷ್ಟವೇನಲ್ಲ. ತಟ್ಟೆಯನ್ನು ತಿರುಗಿಸಲು ಕಚ್ಚು ಬಿಡುವುದಿಲ್ಲ. ಆದರೆ ಕ್ಯಾಮೆರಾವನ್ನು ತಿರುಗಿಸಬಹುದು. ಮೂರು ತಿರುಪು ಸಡಿಲಿಸಿ ಕಾಲು ಸುತ್ತು ತಿರುಗಿಸಿ ಮತ್ತೆ ಅಲೆಯನ್ನು ತೆಗೆಯುವುದು. ಅಲೆ ಆಗಲೂ ಕೆಂಪು ಗುರುತಿನಿಂದಲೇ ಎದ್ದರೆ ಅದು ಕೋಶಗಳದ್ದು. ಕ್ಯಾಮೆರಾದ ಜೊತೆ ತಾನೂ ತಿರುಗಿ ಪಕ್ಕದಿಂದ ಬಂದರೆ ಕ್ಯಾಮೆರಾದ್ದು. ಆಮೇಲೆ ಎಲ್ಲವನ್ನೂ ಮತ್ತೆ ನೇರ ಕೂರಿಸಲು ಅರ್ಧ ದಿನ.

ಇವತ್ತು ಮಾಡಲಿಲ್ಲ. ಕೋಣೆ ತುಂಬ ತಣ್ಣಗಿತ್ತು.

ಜನವರಿ 17

ಮೇಸ್ತ್ರಿ ಬಂದಿದ್ದ. ಸ್ಟೂಲಿನ ಸದ್ದಿನ ಬಗ್ಗೆ ಅವನಿಗೆ ಹೇಳಿದೆ. ಭಯದ ವಿಷಯ ಹೇಳಲಿಲ್ಲ, ಸದ್ದು ಮಾತ್ರ. ಅವನು ನೆಲದ ಮೇಲೆ ಕಿವಿಯಿಟ್ಟು ಮಲಗಿ ಎದ್ದು ನಕ್ಕ.

"ದೆವ್ವಗಿವ್ವ ಏನಿಲ್ಲ ಮೇಡಂ. ಕ್ಯಾಮೆರಾ ತಣ್ಣಗೆ ಮಾಡೋ ಫ್ಯಾನ್ ಶುರುವಾದಾಗ ನೆಲ ಅದುರುತ್ತೆ. ಸ್ಟೂಲಿನ ಒಂದು ಕಾಲು ಗಿಡ್ಡ. ರಬ್ಬರ್ ಬಿರಡೆ ಹಾಕಿದ್ರೆ ಮುಗೀತು."

"ಹಾಕಬೇಡ" ಎಂದೆ.

"ಯಾಕೆ?"

"ಇರಲಿ ಬಿಡು" ಎಂದೆ.

ಆರು ವರ್ಷದ ಹಿಂದಿನ ಆ ದಿನದ್ದೆಲ್ಲ ನೆನಪಿದೆ. ಗ್ಲೋಬಲ್‌ನಲ್ಲಿ ತೆಗೆದ ಚಿತ್ರಗಳೆಲ್ಲ ಮರಳು ಮರಳು. ಅಕ್ಕ ರೇಗಿ, ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದಳು. ಅಷ್ಟರಲ್ಲಿ ಮೋಡ್ ಬದಲಾಯಿತು. ವಾಪಸು ಬಂದು ಪರದೆ ನೋಡಿದವಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನೋಡೇ! ನೋಡೇ! ಎದ್ದು ಬರ್ತಾ ಇದೆ!" ಕತ್ತಲಲ್ಲಿ ಅವಳು ಅಳುತ್ತಿದ್ದಾಳೆಂದು ಮೂಗೆಳೆದುಕೊಂಡ ಸದ್ದಿನಿಂದ ಗೊತ್ತಾಯಿತು. ಆ ಹೊತ್ತಿನಲ್ಲಿ ಮೋಡ್ ಬದಲಾದ ಮಾತೆತ್ತಲು ಯಾರಿಗೆ ಮನಸ್ಸು ಬರುತ್ತದೆ? ಆಮೇಲೆ ಹೇಳಿದರಾಯಿತು ಅನ್ನಿಸಿತ್ತು. ಆಮೇಲೆ ಎನ್ನುವುದು ಬಹಳ ದೊಡ್ಡ ಜಾಗ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ, ಜುಲೈನಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳು ಇದ್ದಕ್ಕಿದ್ದಂತೆ ಕೇಳಿದ್ದಳು: "ಅಲ್ಲ ಕಣೇ, ಕ್ಯಾಮೆರಾ ತಿರುಗಿಸೋಕೆ ಎಷ್ಟು ಹೊತ್ತು ಬೇಕು?" ಜ್ವರದಲ್ಲಿ ಲ್ಯಾಬಿನ ಕನಸು ಕಾಣುತ್ತಿದ್ದಾಳೆ ಎಂದುಕೊಂಡೆ. "ಅರ್ಧ ದಿನ ಅಕ್ಕಾ" ಎಂದೆ. "ಅಷ್ಟೇನಾ" ಎಂದಳು. ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಹೊದಿಕೆ ಸರಿಮಾಡಿದೆ.

ಜನವರಿ 20

ಅಕ್ಕನ ತಮ್ಮ ಫೋನು ಮಾಡಿದ್ದ. ಮೂವತ್ತೊಂದಕ್ಕೆ ಮನೆ ಖಾಲಿ ಮಾಡುತ್ತಾನಂತೆ. ಪುಸ್ತಕ, ಕಾಗದ ನಮಗೆ ಬೇಕಾದ್ದು ತೆಗೆದುಕೊಳ್ಳಬೇಕಂತೆ. ಕೀಲಿ ಎದುರುಮನೆಯವರ ಹತ್ತಿರ ಇದೆಯಂತೆ. ಬರುತ್ತೇನೆ ಎಂದೆ. ಆಗಸ್ಟಿನಿಂದ ಆ ಬೀದಿಯಲ್ಲಿ ಕಾಲಿಟ್ಟಿಲ್ಲ. ಬಸ್ಸು ಆ ತಿರುವಿಗೆ ಬಂದರೆ ಚೀಲದಲ್ಲಿ ಏನಾದರೂ ಹುಡುಕತೊಡಗುತ್ತೇನೆ.

ಜನವರಿ 22

ಇವತ್ತು ತಿರುಗಿಸಲೆಂದೇ ಹೋದೆ. ಲಾಗ್‌ನಲ್ಲಿ ಹೆಸರು ಬರೆದು ಬಾಗಿಲು ಹಾಕಿಕೊಂಡು, ಸ್ಟೂಲನ್ನು ಎಳೆದುಕೊಂಡು ಕೂತು, ಕ್ಯಾಮೆರಾದ ಕುತ್ತಿಗೆಗೆ ಟಾರ್ಚು ಬಿಟ್ಟೆ.

ಆ ಮೂರು ತಿರುಪುಗಳ ತಲೆಯ ಮೇಲೆ ಉಗುರುಬಣ್ಣ ಹಚ್ಚುವುದು ನನ್ನ ಪದ್ಧತಿ. ತಿರುಪು ತಾನಾಗಿ ಸಡಿಲವಾಗುವುದಿಲ್ಲ, ಯಾರಾದರೂ ಸಡಿಲಿಸಿದರೆ ಬಣ್ಣ ಬಿರುಕು ಬಿಟ್ಟು ತಿಳಿದುಬಿಡುತ್ತದೆ. ಮನೆಯಿಂದ ತಂದ ಗುಲಾಬಿ ಬಣ್ಣ. ನನ್ನ ಮದುವೆಯಲ್ಲಿ ಯಾರೋ ಕೊಟ್ಟದ್ದು, ಉಗುರಿಗೆ ಒಂದು ದಿನವೂ ಹಚ್ಚಿದವಳಲ್ಲ.

ಗುಲಾಬಿ ಬಿರುಕು ಬಿಟ್ಟಿತ್ತು. ಬಿರುಕಿನ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ, ಸ್ಲೈಡುಗಳ ಅಂಚು ಮುಚ್ಚಲು ಲ್ಯಾಬಿನ ಡ್ರಾಯರಿನಲ್ಲಿಟ್ಟಿರುವಂಥದ್ದು. ಅದೂ ಬಿರುಕು ಬಿಟ್ಟಿತ್ತು. ಅದರ ಮೇಲೆ ಮೂರನೆಯದು. ನೇರಳೆ, ಮಿಣುಕು ಪುಡಿ ಬೆರೆತದ್ದು.

ನೇರಳೆ ಮಿಣುಕು ಯಾರದೆಂದು ಕೇಳಬೇಕಿಲ್ಲ. ನನ್ನ ಬಾಗಿಲಿಗೆ ಒರಗಿ ನಿಲ್ಲುವ ಕೈಬೆರಳುಗಳ ತುಂಬ ಅದೇ ಇದೆ. ಪಾರದರ್ಶಕ ಯಾರದು?

ಕಂಪ್ಯೂಟರಿನಲ್ಲಿ ಅಕ್ಕನ ಹೆಸರಿನ ಕಡತಗಳನ್ನು ತೆರೆದೆ. ಅವಳು ಹೋದ ಮೇಲೆ ಇದೇ ಮೊದಲು. ಕಳೆದ ಏಪ್ರಿಲಿನ ಒಂದು ಸಿನಿಮಾ ಇತ್ತು, ಒಂದು ಭಾನುವಾರದ್ದು. ನೋಡಿದೆ. ಅಲೆ ಕೆಂಪು ಗುರುತಿನಿಂದ ಏಳಲಿಲ್ಲ. ಪಕ್ಕದಿಂದ ಬಂತು. ಕ್ಯಾಮೆರಾವನ್ನು ಎಷ್ಟು ತಿರುಗಿಸಿದ್ದಳೋ ಅಷ್ಟೇ ತಿರುಗಿ, ವಿಧೇಯ ನಾಯಿಯ ಹಾಗೆ ಅದರ ಜೊತೆಗೇ ಬಂತು.

ಷರಾ ಎಂಬ ಜಾಗದಲ್ಲಿ ಅಕ್ಕ ಟೈಪು ಮಾಡಿದ್ದು ಎರಡೇ ಸಾಲು.

"ಅಲೆ ಕ್ಯಾಮೆರಾದ ಜೊತೆ ತಿರುಗಿತು. ಅವಳಾಗಿಯೇ ಹೇಳುವವರೆಗೆ ಕಾಯುತ್ತೇನೆ."

ಜನವರಿ 23

ಕಾಯುತ್ತೇನೆ ಅಂದೆಯಲ್ಲ ಅಕ್ಕಾ, ಕಾದೆಯಾ? ಏಪ್ರಿಲಿನಿಂದ ಆಗಸ್ಟಿನವರೆಗೆ ದಿನಾ ನನ್ನ ಜೊತೆ ಮಾತಾಡಿದೆ. ಡಬ್ಬಿಯ ಊಟ ಹಂಚಿಕೊಂಡೆ. ಆಸ್ಪತ್ರೆಯಲ್ಲಿ ನಿನ್ನ ತಲೆ ಬಾಚಿದ್ದು ನಾನು. ಒಂದು ಮಾತು ಬೈದಿದ್ದರೆ ಏನಾಗುತ್ತಿತ್ತು?

ಬಾಯಿ ಬಿಟ್ಟು ಕೇಳಿದ್ದೆಯಲ್ಲವೆ. ಎಷ್ಟು ಹೊತ್ತು ಬೇಕು ಎಂದು.

ಜನವರಿ 24

ಗುಬ್ಬಿಯನ್ನು ಕ್ಯಾಂಟೀನಿನಲ್ಲಿ ಹಿಡಿದೆ. ಮೂಲೆಯ ಮೇಜು, ಎರಡು ಟೀ.

"ಕೈ ತೋರಿಸು" ಎಂದೆ.

ತೋರಿಸಿದಳು. ಭವಿಷ್ಯ ಹೇಳುತ್ತೇನೆಂದುಕೊಂಡಳೇನೋ. ಉಗುರು ನೋಡಿದೆ, ಅವಳು ನಾನು ನೋಡುವುದನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡಳು.

"ಯಾವಾಗ ತಿರುಗಿಸಿದೆ?"

"ನವೆಂಬರಲ್ಲಿ."

"ಪರೀಕ್ಷಕರು ಮೋಡ್ ಕೇಳಿದ್ರು ಅಂದಿದ್ದು?"

"ಯಾರೂ ಕೇಳಿಲ್ಲ ಚಿಕ್ಕಮ್ಮ. ನಾನೇ ಕೇಳಿದ್ದು."

ಅವಳು ಟೀ ಮೇಲಿನ ಕೆನೆಯನ್ನು ಚಮಚದಿಂದ ಒಂದು ಕಡೆಗೆ ತಳ್ಳುತ್ತ ಕೂತಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನಿಮಗೆ ಗೊತ್ತಿದ್ದೂ ನೀವ್ಯಾಕೆ ಹೇಳ್ಲಿಲ್ಲ?" ಎಂದವಳೇ ಕಣ್ಣು ತುಂಬಿಕೊಂಡಳು. "ತಪ್ಪಾಯ್ತು. ನಾನು ಹೇಳಿದ್ರೆ ದೊಡ್ಡಮ್ಮನ ಮೇಲೆ ಚಾಡಿ ಹೇಳಿದ ಹಾಗಾಗುತ್ತೆ ಅನ್ನಿಸ್ತು. ನಿಮ್ಮ ಮೇಲೂ. ನೀವಿಬ್ಬರೂ ಬಿಟ್ರೆ ನನಗಿಲ್ಲಿ ಯಾರಿದಾರೆ? ನೀವೇ ಲಾಗ್ ನೋಡಿ, ನೀವೇ ಅಯ್ಯೋ ಅಂದುಬಿಟ್ರೆ ಸಾಕು ಅನ್ಕೊಂಡೆ. ನೀವು ನೋಡಿದ್ರೆ ಪುಸ್ತಕವೇ ಸಿಕ್ತಿಲ್ಲ ಅಂದ್ರಿ."

"ನಿನ್ನ ಐದು ವರ್ಷ, ಗುಬ್ಬಿ."

"ಗೊತ್ತು." ಮೂಗು ಒರೆಸಿಕೊಂಡಳು. "ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಬರ್ತಾ ಇದೀನಿ. ಗ್ಲೋಬಲಲ್ಲೇ ತೆಗೀತೀನಿ. ಒಂದರಲ್ಲಿ ಏನೂ ಕಾಣಲ್ಲ, ಸಾವಿರ ಸಲ ತೆಗೆದು ಕೂಡಿಸಿದ್ರೆ ಮರಳೆಲ್ಲ ಹೋಗುತ್ತೆ. ನೀವು ಬರೋಷ್ಟರಲ್ಲಿ ಎತ್ತಿಟ್ಟು ಓಡಿಹೋಗ್ತೀನಿ."

ಹಾಗಾದರೆ ಆ ಮಸುಕು ವೃತ್ತ ಇವಳ ತಟ್ಟೆಯದು. ನಾನು ಕತ್ತಲಲ್ಲಿ ನಿಂತು ಯಾರಿಗೆ ಹೆದರಿದ್ದೆ!

"ಮರಳು ಹೋದ್ಮೇಲೆ ಏನು ಕಾಣುತ್ತೆ?"

"ಎಲ್ಲಾ ಒಟ್ಟಿಗೆ ಏಳ್ತಾವೆ ಚಿಕ್ಕಮ್ಮ. ಹಿರಿಯರೂ ಇಲ್ಲ ಕಿರಿಯರೂ ಇಲ್ಲ. ಒಂದೇ ಏಟಿಗೆ, ಇಡೀ ಹಾಳೆ." ಆಮೇಲೆ, ಬಹಳ ಮೆಲ್ಲಗೆ, "ಚೆನ್ನಾಗಿರುತ್ತೆ ನೋಡೋಕೆ" ಎಂದಳು.

ಮಧ್ಯಾಹ್ನ ಇಬ್ಬರೂ ಸೇರಿ ತಿರುಪು ಬಿಚ್ಚಿದೆವು. ಅವಳು ಟಾರ್ಚು ಹಿಡಿದಳು, ನಾನು ತಿರುಗಿಸಿದೆ. ಗೊತ್ತಿದ್ದದ್ದನ್ನೇ ಕಣ್ಣಾರೆ ನೋಡಿದೆ. ಮತ್ತೆ ನೇರ ಕೂರಿಸುವಷ್ಟರಲ್ಲಿ ಸಂಜೆ ಐದಾಯಿತು. "ಬಣ್ಣ ಹಚ್ಚಲ್ವಾ?" ಎಂದು ಕೇಳಿದಳು. ಬೇಡ ಎಂದೆ. ಹೊರಡುವಾಗ ಅವಳಿಗೆ ಚಳಿಯೆಂದು ಮೊಳೆಯಿಂದ ಸ್ವೆಟರ್ ತೆಗೆದುಕೊಟ್ಟೆ. ತೋಳು ಉದ್ದವಾಯಿತು.

ಜನವರಿ 27

ಸಂಸ್ಥೆಯ ನಿರ್ದೇಶಕರಿಗೆ ಕಾಗದ ಕೊಟ್ಟೆ. ಅಕ್ಕನ ಪೇಪರ್ ಅಚ್ಚಾದ ಪತ್ರಿಕೆಯ ಸಂಪಾದಕರಿಗೂ ಒಂದು ಪ್ರತಿ. ಐದು ಸಲ ಬರೆದು ಹರಿದ ಮೇಲೆ ಉಳಿದದ್ದು ಅರ್ಧ ಪುಟ.

ಇಲ್ಲೂ ಬರೆದಿಡುತ್ತೇನೆ. ಆರು ವರ್ಷದ ಹಿಂದೆ ಅಕ್ಕ ಟೀ ಕುಡಿಯಲು ಹೋಗಿದ್ದಾಗ ಕ್ಯಾಮೆರಾದ ಮೋಡನ್ನು ಗ್ಲೋಬಲ್‌ನಿಂದ ರೋಲಿಂಗ್‌ಗೆ ನಾನು ಬದಲಿಸಿದೆ. ಲಾಗ್‌ನಲ್ಲಿ ನಾನು ಬರೆದೆ. ಅವಳಿಗೆ ಹೇಳಲಿಲ್ಲ. ಮೂರು ತಿಂಗಳ ನಂತರ ಅವಳು ಪೇಪರಿನ ವಿಧಾನದ ಪುಟವನ್ನು ನನ್ನ ಮೇಜಿನ ಮೇಲಿಟ್ಟು, "ಕ್ಯಾಮೆರಾದ ವಿಷಯ ನೀನೇ ನೋಡಿ ಸಹಿ ಹಾಕು, ನನಗೆ ನಂಬಿಕೆ" ಎಂದಳು. ಅದರಲ್ಲಿ ಗ್ಲೋಬಲ್ ಎಂದಿತ್ತು. ನಾನು ಓದಿದೆ. ಆ ಪದದ ಮೇಲೆ ಬೆರಳಿಟ್ಟುಕೊಂಡು ಒಂದು ನಿಮಿಷ ಕೂತಿದ್ದೆ. ಆಮೇಲೆ ಸಹಿ ಹಾಕಿದೆ.

ಮಲಗಿದ್ದವರು ಹೇಗೆ ಹೇಳಬಲ್ಲರು. ನಾನು ಮಲಗಿರಲಿಲ್ಲ.

ನಿರ್ದೇಶಕರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಅವರು ಹೋಗಿ ಆರು ತಿಂಗಳೂ ಆಗಿಲ್ಲ. ಇದನ್ನ ಈಗಲೇ ಹೇಳಬೇಕಿತ್ತಾ?"

"ಆರು ವರ್ಷದ ಹಿಂದೆ ಹೇಳಬೇಕಿತ್ತು ಸರ್."

"ನಿಮ್ಮ ಕೆಲಸದ ವಿಷಯ ಸಮಿತಿ ನೋಡುತ್ತೆ. ಆ ಹುಡುಗಿಯ ಗತಿ ಏನು?"

ಸಾವಿರ ಸಲ ಕೂಡಿಸಿದ ಗುಬ್ಬಿಯ ಚಿತ್ರವನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಪ್ರಬಂಧವನ್ನು ಹೊಸದಾಗಿ ಬರೆಯಬೇಕು, ಒಂದು ವರ್ಷ ಹೆಚ್ಚು ಬೇಕಾಗುತ್ತದೆ, ಆ ವರ್ಷವನ್ನು ಕೊಡಿಸಬಹುದು ಎಂದರು. ಅಕ್ಕನ ಪೇಪರನ್ನು ಹಿಂತೆಗೆದುಕೊಳ್ಳಬೇಕು.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ಆವತ್ತು ನಾನು ಪಿಎಚ್‌ಡಿ ಅಂತ ನಕ್ಕೆನಲ್ಲ" ಎಂದರು. ಆಮೇಲೆ, "ಇವತ್ತು ಉಪ್ಪು ಸ್ವಲ್ಪ ಜಾಸ್ತಿ" ಎಂದರು. ಜಾಸ್ತಿಯೇ ಆಗಿತ್ತು.

ಜನವರಿ 30

ಅಕ್ಕನ ಮನೆಗೆ ಹೋಗಿದ್ದೆ. ಬಸ್ಸಿಳಿದು ನಡೆದೇ ಹೋದೆ. ಬೀದಿ ಹಾಗೆಯೇ ಇದೆ. ಮೂಲೆಯಲ್ಲಿ ಛತ್ರಿ ರಿಪೇರಿಯವನು, ಅವನ ಪಕ್ಕ ಬೀಗದವನು, ಆಮೇಲೆ ಹಸಿರು ಗೇಟು. ಮೆಟ್ಟಿಲು ಮೂರು ಮಹಡಿ. ಎರಡನೆಯದರಲ್ಲಿ ಮೊದಲಿನಂತೆಯೇ ದೀಪ ಕೆಟ್ಟಿದೆ. ಅಲ್ಲಿ ಸ್ವಲ್ಪ ನಿಂತೆ. ಸುಧಾರಿಸಿಕೊಳ್ಳಲು ಎಂದುಕೊಂಡೆ, ಆದರೆ ಕಿವಿ ಮೇಲಿನ ಮಹಡಿಯಲ್ಲಿತ್ತು. ಅಕ್ಕ ಬಾಗಿಲು ತೆರೆಯುವಾಗ ಚಿಲಕ ಎರಡು ಸಲ ಸದ್ದು ಮಾಡುತ್ತಿತ್ತು. ಏನೂ ಕೇಳಲಿಲ್ಲ.

ಅವಳ ಬಾಗಿಲಿನ ಮೇಲೆ ಹೆಸರಿನ ಫಲಕ ಇನ್ನೂ ಇದೆ. ಯಾರೋ ಒರೆಸಿಟ್ಟಿದ್ದಾರೆ. ನಾನು ಅದರ ಕಡೆಗೆ ಬೆನ್ನು ಮಾಡಿ ಎದುರುಮನೆಯ ಬೆಲ್ ಒತ್ತಿದೆ.

ಬಾಗಿಲು ತೆರೆದವರು ಎಪ್ಪತ್ತು ದಾಟಿದ ಹೆಂಗಸು. ಕುಳ್ಳಗಿದ್ದಾರೆ, ಮೂಗಿನ ತುದಿಯಲ್ಲಿ ಕನ್ನಡಕ, ಒಂದು ಕೈಯಲ್ಲಿ ಅರ್ಧ ಹೆಣೆದ ಟೋಪಿ. ಅಕ್ಕ ಇವರ ಬಗ್ಗೆ ಹೇಳುತ್ತಿದ್ದಳು. ಜಗಳಗಂಟಿ, ಆದರೆ ಜ್ವರ ಬಂದಾಗ ಗಂಜಿ ತರುವವರು ಇವರೊಬ್ಬರೇ ಎಂದು. ನಾನು ಯಾರೆಂದು ಹೇಳುವ ಮೊದಲೇ ಮೇಲಿನಿಂದ ಕೆಳಗೆ ನೋಡಿದರು.

"ಕ್ಯಾಮೆರಾದವರಾ?"

"ಹೌದು. ಕೀಲಿ..."

"ಆಗಸ್ಟಿಂದ ಕಾಯ್ತಾ ಇದೀನಿ. ಇಷ್ಟು ದಿನ ಬೇಕಾಯ್ತಾ?"

ಅವರು ಒಳಗೆ ಹೋಗಿ ಕೀಲಿ ತಂದರು. ಹಸಿರು ದಾರ ಕಟ್ಟಿದ ಕೀಲಿ, ಅಕ್ಕನದೇ. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಕನ್ನಡಕ ಮೇಲಕ್ಕೆ ತಳ್ಳಿಕೊಂಡು ನನ್ನ ಮುಖವನ್ನೇ ನೋಡಿದರು, ಅಳತೆ ತೆಗೆದುಕೊಳ್ಳುವವರ ಹಾಗೆ, ಹಣೆಯಿಂದ ಗಲ್ಲದವರೆಗೆ. ಆಮೇಲೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು.

"ಆಸ್ಪತ್ರೆಗೆ ಹೋಗೋ ದಿನ ಹೇಳಿದ್ಲು ನಿಮ್ಮಕ್ಕ. 'ಅವಳು ಬರ್ತಾಳೆ. ನಗ್ತಾ ಬಂದ್ರೆ ಕೀಲಿ ಕೊಟ್ಟು ಕಳಿಸಿಬಿಡಿ. ಮುಖ ಬಾಡಿಸ್ಕೊಂಡು ಬಂದ್ರೆ ಎಲ್ಲ ಹೇಳಿಬಿಟ್ಟಿದ್ದಾಳೆ ಅಂತ ಅರ್ಥ, ಒಂಟಿಯಾಗಿ ನನ್ನ ಮನೆಯೊಳಗೆ ಬಿಡಬೇಡಿ, ಮೊದಲು ಕರೆದು ಕೂರಿಸ್ಕೊಳ್ಳಿ' ಅಂತ. ಬನ್ನಿ ಒಳಗೆ."